ರಾಗಿ ಗುಡಾಣದ ಬೆಳ್ಳಿ

ಕೂತುಕೊಳ್ಳಿ, ಸರಿಯಾಗಿ ಕೂತುಕೊಳ್ಳಿ. ನಗುವವರು ಆಮೇಲೆ ನಗಿ. ಮೊದಲು ಕೇಳಿ.

ಒಂದೂರಲ್ಲಿ ಕೆಂಪಾಜಮ್ಮ ಅಂತ ಒಬ್ಬಳಿದ್ದಳು. ಮಂಡಕ್ಕಿ ಹುರಿದು ಮಾರುವವಳು. ಗಂಡ ಸಂತೆಗೆ ಹೋಗಿ ಬರುತ್ತೇನೆ ಅಂತ ಹೋದವನು ಯಾವ ಸಂತೆಗೆ ಹೋದನೋ, ಇನ್ನೂ ಬಂದಿಲ್ಲ. ಉಳಿದವನು ಒಬ್ಬ ಮಗ, ತಮ್ಮಯ್ಯ. ಆಳೆತ್ತರ ಬೆಳೆದಿದ್ದ, ಮೀಸೆ ಬಂದಿತ್ತು, ಬುದ್ಧಿ ಮಾತ್ರ ಅಪ್ಪನ ಹಿಂದೆಯೇ ಸಂತೆಗೆ ಹೋಗಿತ್ತು. ನಿಂತುಕೋ ಅಂದರೆ ನಿಂತ. ಕೂರು ಅನ್ನುವುದನ್ನು ಮರೆತರೆ ಸಂಜೆವರೆಗೂ ನಿಂತೇ ಇದ್ದ.

"ಅಯ್ಯೋ ನನ್ನಪ್ಪ, ನಾನು ಕಣ್ಣು ಮುಚ್ಚಿದ ಮೇಲೆ ಇವನ ಗತಿ ಏನು!" ಅಂತ ಕೆಂಪಾಜಮ್ಮ ಒಲೆಯ ಮುಂದೆ ಕೂತು ಹಗಲೆಲ್ಲ ಕೊರಗುತ್ತಿದ್ದಳು. ಕೊರಗಿ ಕೊರಗಿ ಒಂದು ಉಪಾಯ ಮಾಡಿದಳು. ಮಂಡಕ್ಕಿ ಕಾಸಿನಲ್ಲಿ ಹಿಡಿದು ಹಿಡಿದು, ಗೌರಿ ಹಬ್ಬಕ್ಕೊಂದು ದೀಪಾವಳಿಗೊಂದು ಬೆಳ್ಳಿ ನಾಣ್ಯ ಕೊಳ್ಳುವುದು. ಕೊಂಡದ್ದನ್ನು ರಾಗಿ ಗುಡಾಣದ ತಳದಲ್ಲಿ ಹೂತಿಡುವುದು. ತಾನು ಹೋದ ಮೇಲೆ ಮಗ ಒಂದೊಂದೇ ತೆಗೆದು ಮಾರಿಕೊಂಡು ಹೊಟ್ಟೆ ಹೊರೆಯಲಿ ಅಂತ. ಹಬ್ಬಕ್ಕೆ ಹೊಸ ಸೀರೆ ಬಿಟ್ಟಳು, ಕಾಫಿ ಬಿಟ್ಟಳು, ಬೆಳ್ಳಿ ಬಿಡಲಿಲ್ಲ.

ಒಂದು ಗೌರಿ ಹಬ್ಬಕ್ಕೆ ಅವಳ ಕಾಲು ಉಳುಕಿತು. ತಾನಿರುವಾಗಲೇ ಇವನೂ ಕಲಿಯಲಿ ಅಂತ ಮಗನ ಕೈಗೆ ದುಡ್ಡು ಕೊಟ್ಟಳು. "ಲೋ ತಮ್ಮಯ್ಯ, ಕಾಳಾಚಾರಿ ಅಂಗಡಿಗೆ ಹೋಗು. ಒಂದು ಬೆಳ್ಳಿ ನಾಣ್ಯ ತಗೊಂಡು ಬಾ. ಕೈಯಿಂದ ಕೆಳಕ್ಕೆ ಬೀಳಿಸಬೇಡ!"

ತಮ್ಮಯ್ಯ ಹೋದ. ಆಚಾರಿ ನಾಣ್ಯ ಕೊಟ್ಟ. ತಮ್ಮಯ್ಯ ಅಂಗೈ ಮೇಲೆ ಇಟ್ಟುಕೊಂಡು ನೋಡಿದ. ಅಬ್ಬಬ್ಬಾ! ಆಗಷ್ಟೇ ಕರೆದ ಹಾಲು ಹೆಪ್ಪುಗಟ್ಟಿದ ಹಾಗೆ ಬೆಳ್ಳಗೆ! ನೀವು ನಗಬೇಡಿ. ಮೊದಲ ಸಲ ಬೆಳ್ಳಿ ಕೈಗೆ ಬಂದಾಗ ನೀವೂ ಹಾಗೇ ಬಾಯಿ ಬಿಟ್ಟಿರುತ್ತೀರಿ. ಅದನ್ನೇ ನೋಡುತ್ತಾ ನಡೆದ. ಚರಂಡಿಗೆ ಬಿದ್ದ, ಎದ್ದ, ನೋಡುತ್ತಾ ನಡೆದ. ಎಮ್ಮೆಗೆ ಗುದ್ದಿದ, ನೋಡುತ್ತಾ ನಡೆದ. ಮನೆ ದಾಟಿ ಊರು ದಾಟಿ ಪಕ್ಕದೂರು ಮುಟ್ಟಿದ. ಹಿಂದೆಯೇ ಅರ್ಧ ಊರು ಬಾಯಿ ತೆರೆದುಕೊಂಡು ಬರುತ್ತಿತ್ತು. ಕತ್ತಲಾದ ಮೇಲೆ ಮನೆಗೆ ತಿರುಗಿ ಬಂದವನನ್ನು ಕೆಂಪಾಜಮ್ಮ ಬಾಗಿಲಲ್ಲೇ ಬೈದಳು.

"ಥೂ ಪೆದ್ದೇ! ಊರಿಗೆಲ್ಲ ತೋರಿಸಿಕೊಂಡು ಬಂದ್ಯಾ!"

"ಅವ್ವ, ಅದರೊಳಗೆ ನನ್ನ ಮುಖ ಐತೆ ಕಣವ್ವ! ಸಣ್ಣದು, ಆದ್ರೆ ನಂದೇ!"

"ನಿನ್ನ ಮುಖಕ್ಕಿಷ್ಟು! ತಂದದ್ದನ್ನ ಬಟ್ಟೇಲಿ ಸುತ್ತಬೇಕು, ಸೊಂಟಕ್ಕೆ ಸಿಕ್ಕಿಸ್ಕೋಬೇಕು, ಯಾರು ಏನು ಕೇಳಿದ್ರೂ 'ಏನೂ ಇಲ್ಲ' ಅನ್ನಬೇಕು. ತಿಳೀತಾ?"

"ತಿಳೀತವ್ವ!"

ಮಾರನೇ ದಿನವೇ ಗೌರಿ ಹಬ್ಬ. ಕೆಂಪಾಜಮ್ಮ ಒಬ್ಬಟ್ಟು ಮಾಡಿದಳು. ಕುಂಕುಮದ ಭರಣಿ ಮಗನ ಕೈಗೆ ಕೊಟ್ಟಳು. "ಬೀದಿಲಿರೋ ಹೆಂಗಸರನ್ನೆಲ್ಲ ಅರಿಶಿನ ಕುಂಕುಮಕ್ಕೆ ಕರೆದು ಬಾ."

ತಮ್ಮಯ್ಯ ಭರಣಿಯನ್ನು ಬಟ್ಟೆಯಲ್ಲಿ ಸುತ್ತಿದ, ಸೊಂಟಕ್ಕೆ ಸಿಕ್ಕಿಸಿದ. ಮೊದಲ ಮನೆಯ ಬಾಗಿಲಲ್ಲಿ ಹೋಗಿ ನಿಂತ.

"ಏನು ತಮ್ಮಯ್ಯ, ಬಂದೆ?"

"ಏನೂ ಇಲ್ಲ!"

"ನಿಮ್ಮನೇಲಿ ಗೌರಿ ಪೂಜೆ ಅಲ್ವಾ?"

"ಏನೂ ಇಲ್ಲ!"

"ಸೊಂಟದಲ್ಲಿ ಅದೇನೋ ಗಂಟು?"

"ಏನೂ ಇಲ್ಲ! ಏನೂ ಇಲ್ಲ!"

ಹೀಗೆ ಒಂದು ಮನೆ ಬಿಡಲಿಲ್ಲ. ಭರಣಿ ಮಗುಚಿ ಪಂಚೆಯೆಲ್ಲ ಕೆಂಪಾಯಿತು. ಯಾರನ್ನೋ ಕೊಂದು ಬಂದಿದ್ದಾನೆ ಅಂತ ಹೆಂಗಸರು ಬಾಗಿಲು ಹಾಕಿಕೊಂಡರು. ಕೆಂಪಾಜಮ್ಮ ಕಾದಳು, ಕಾದಳು, ಒಂದು ನರಪಿಳ್ಳೆಯೂ ಬರಲಿಲ್ಲ. ತಾಯಿ ಮಗ ವಾರವೆಲ್ಲ ಒಬ್ಬಟ್ಟೇ ತಿಂದರು.

"ಥೂ ಪೆದ್ದೇ! ಹೋದ ಕಡೆ ಬಾಯಿ ಮುಚ್ಕೊಂಡು ನಿಂತ್ಯಾ! ಗಟ್ಟಿಯಾಗಿ ಕೂಗಿ ಕರೀಬೇಕು. 'ನಮ್ಮ ಮನೆಗೆ ಬನ್ನಿ, ಎಲ್ಲಾರೂ ಬನ್ನಿ, ಬಂದು ತಗೊಂಡು ಹೋಗಿ' ಅನ್ನಬೇಕು. ತಿಳೀತಾ?"

"ತಿಳೀತವ್ವ!"

ದೀಪಾವಳಿ ಬಂತು. ಕೆಂಪಾಜಮ್ಮನಿಗೆ ಹಬ್ಬದ ವ್ಯಾಪಾರ, ಒಲೆ ಬಿಟ್ಟು ಏಳುವ ಹಾಗಿಲ್ಲ. ಮತ್ತೆ ಮಗನನ್ನೇ ಬೆಳ್ಳಿಗೆ ಕಳಿಸಿದಳು. ಆಚಾರಿ ಅಂಗಡಿಯ ಬಾಗಿಲು ಹಾಕಿತ್ತು. ದಾರಿ ಬದಿಯಲ್ಲಿ ಟವೆಲ್ ಹಾಸಿಕೊಂಡು ಒಬ್ಬ ಕೂತಿದ್ದ. "ಬಾರಪ್ಪ, ನನ್ನ ಹತ್ರನೂ ಬೆಳ್ಳಿ ಐತೆ!" ಅಂದ. ತಮ್ಮಯ್ಯ ದುಡ್ಡು ಕೊಟ್ಟ, ನಾಣ್ಯ ಇಸಿದುಕೊಂಡ. ಇಸಿದುಕೊಂಡವನೇ ಬೀದಿ ತಲೆಯಿಂದ ಶುರು ಮಾಡಿದ.

"ನಮ್ಮ ಮನೆಗೆ ಬನ್ನಿ! ಬೆಳ್ಳಿ ಐತೆ! ಎಲ್ಲಾರೂ ಬನ್ನಿ! ಬಂದು ತಗೊಂಡು ಹೋಗೀ!"

ಬರದೆ ಇರುತ್ತಾರಾ? ರೊಟ್ಟಿ ತಟ್ಟುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಬಂದಳು. ಎಣ್ಣೆ ಹಚ್ಚಿಕೊಂಡವಳು ಎಣ್ಣೆಯಲ್ಲೇ ಬಂದಳು. ಈರಮ್ಮಜ್ಜಿ ಕೋಲೂರಿಕೊಂಡು ಎಲ್ಲರಿಗಿಂತ ಮುಂದೆ ಬಂದಳು! ಕೆಂಪಾಜಮ್ಮ ಒಲೆ ಬಿಟ್ಟು ಓಡಿ ಬರುವಷ್ಟರಲ್ಲಿ ತಮ್ಮಯ್ಯ ಗುಡಾಣ ಮಗುಚಿ, ರಾಗಿ ಚೆಲ್ಲಿ, ಇದ್ದಬದ್ದ ಬೆಳ್ಳಿಯನ್ನೆಲ್ಲ ಮೊರಕ್ಕೆ ಸುರಿದು ನಡುಮನೆಯಲ್ಲಿ ಇಟ್ಟಿದ್ದ.

ಆಗ ಏನಾಯಿತು ಗೊತ್ತಾ? ಮಸಿ ಹಿಡಿದ ಮನೆ ಅದು. ಹೆಂಚಿನ ನಡುವೆ ಒಂದೇ ಒಂದು ಗಾಜಿನ ಬೆಳಕಿಂಡಿ. ಅದರಿಂದ ಬಿಸಿಲು ನೆಟ್ಟಗೆ ಮೊರದ ಮೇಲೆ ಬಿತ್ತು. ಗೋಡೆಗೆಲ್ಲ ಬೆಳಕು! ಸೂರಿಗೆಲ್ಲ ಬೆಳಕು! ಜಗಳವಾಡಿಕೊಂಡು ನುಗ್ಗಿದ ಹೆಂಗಸರು ಗಪ್ಪಂತ ನಿಂತುಬಿಟ್ಟರು. ಒಬ್ಬಳೂ ಕೈ ಚಾಚಲಿಲ್ಲ. ಇಷ್ಟು ವರ್ಷ ಮಂಡಕ್ಕಿ ಅಳೆದುಕೊಟ್ಟ ಈ ಹರಕು ಸೀರೆಯವಳು ಇದನ್ನು ಕೂಡಿಟ್ಟಳಾ! ಈರಮ್ಮಜ್ಜಿ ಕೋಲು ಪಕ್ಕಕ್ಕಿಟ್ಟು, ಒಂದು ನಾಣ್ಯ ಎತ್ತಿ ಕಣ್ಣಿಗೊತ್ತಿಕೊಂಡಳು. "ಎಂಥಾ ತಾಯಿನೇ ನೀನು, ಕೆಂಪಿ," ಅಂದಳು. ಎಲ್ಲರೂ ಒಬ್ಬೊಬ್ಬರಾಗಿ ಕಣ್ಣಿಗೊತ್ತಿಕೊಂಡು, ತಿರುಗಿ ಮೊರದಲ್ಲಿಟ್ಟು, ಅರಿಶಿನ ಕುಂಕುಮ ತಗೊಂಡು ಹೋದರು.

ಹೋಗುವಾಗ ಈರಮ್ಮಜ್ಜಿ ಆವತ್ತು ತಂದ ನಾಣ್ಯವನ್ನು ಹೊಸಿಲಿಗೆ ತಟ್ಟಿದಳು. ಠಪ್ ಅಂತು. "ಇದು ಸೀಸ ಕಣೇ, ಬೆಳ್ಳಿ ಅಲ್ಲ."

"ಥೂ ಪೆದ್ದೇ! ಕಣ್ಣು ಮುಚ್ಚಿ ತಂದ್ಯಾ! ಬೆಳ್ಳಿ ಅಂತ ಯಾರು ಏನೇ ಹೇಳ್ಲಿ, ಕಲ್ಲಿಗೆ ತಟ್ಟಿ ಸದ್ದು ಕೇಳಬೇಕು. ಠಣ್ ಅಂದ್ರೆ ಬೆಳ್ಳಿ. ಠಪ್ ಅಂದ್ರೆ ಸೀಸ, ಆಚೆಗೆ ಎಸಿ. ತಿಳೀತಾ?"

"ತಿಳೀತವ್ವ!"

ಸಂಕ್ರಾಂತಿಗೆ ಕೆಂಪಾಜಮ್ಮನ ಅಣ್ಣ ಜವರಪ್ಪ ಬಂದ. ದೊಡ್ಡ ಹೊಲ, ದೊಡ್ಡ ಮನೆ, ದೊಡ್ಡ ಹೊಟ್ಟೆ, ತಲೆ ಪೂರ್ತಿ ಬೋಳು. ತಾನು ಹೋದ ಮೇಲೆ ಮಗನನ್ನು ಇಟ್ಟುಕೋ ಅಂತ ಅಣ್ಣನನ್ನು ಕೇಳಬೇಕು ಅನ್ನುವುದು ಅವಳ ಆಸೆ. ಬೆಳಿಗ್ಗೆಯಿಂದ ಮಗನಿಗೆ ಹೇಳಿದ್ದೇ ಹೇಳಿದ್ದು: "ಮಾವನ ಹತ್ರ ಚೆನ್ನಾಗಿರು. ನಮ್ಮಣ್ಣ ಅಂದ್ರೆ ಬೆಳ್ಳಿ ಕಣೋ, ಅಪ್ಪಟ ಬೆಳ್ಳಿ!"

ಜವರಪ್ಪ ಉಂಡು, ಕಂಬಕ್ಕೊರಗಿ, ಎಲೆ ಅಡಿಕೆ ಹಾಕಿಕೊಂಡು ಕಣ್ಣು ಮುಚ್ಚಿದ್ದ. ಬೆಳಕಿಂಡಿಯ ಬಿಸಿಲು ತಲೆ ಮೇಲೆ ಬಿತ್ತು. ಗುಂಡಗೆ, ನುಣ್ಣಗೆ, ಫಳಫಳ! ತಮ್ಮಯ್ಯ ಉಸಿರು ಬಿಗಿಹಿಡಿದು ನೋಡಿದ. ಇಷ್ಟು ದೊಡ್ಡ ಬೆಳ್ಳಿ ಅವನು ಕಂಡಿರಲಿಲ್ಲ. ಮೆಲ್ಲಗೆ ಹೋಗಿ ಬೆಳ್ಳುಳ್ಳಿ ಜಜ್ಜುವ ಕಲ್ಲು ತಂದ. ಬಗ್ಗಿದ. ಕಿವಿಯಿಟ್ಟ. ತಟ್ಟಿದ.

"ಅವ್ವಾ! ಮೋಸ ಕಣವ್ವ! ಠಪ್ ಅಂತು! ಮಾವ ಸೀಸ!"

ಸೀಸ ಅಂದ ಮೇಲೆ ಆಚೆಗೆ ಎಸೆಯಬೇಕಲ್ಲ? ಎಸೆಯುವುದಕ್ಕೆ ಅಂತ ಕಾಲು ಹಿಡಿದು ಎಳೆದ! ಜವರಪ್ಪ ಹೌಹಾರಿ ಎದ್ದು, ಬುಗುಟು ಹಿಡಿದುಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು ಓಡಿದವನು ತಿರುಗಿ ನೋಡಲಿಲ್ಲ. "ನಿನ್ನ ಮಗನ ಸಹವಾಸ ಏಳೇಳು ಜನ್ಮಕ್ಕೂ ಬೇಡ!" ಅನ್ನುವ ಕೂಗು ಮಾತ್ರ ಬೀದಿ ಕೊನೆಯಿಂದ ಬಂತು.

ಕೆಂಪಾಜಮ್ಮ ಈ ಸಲ ಥೂ ಅನ್ನಲಿಲ್ಲ. ಗೋಡೆಗೊರಗಿ ಅತ್ತಳು. "ಇದ್ದವನೊಬ್ಬನನ್ನೂ ಓಡಿಸಿದ್ಯಲ್ಲೋ ಕಂದ. ನಾನು ಹೋದ ಮೇಲೆ ನಿಂಗೆ ಅನ್ನ ಇಕ್ಕೋರು ಯಾರೋ? ಇನ್ನು ಆ ಬೆಳ್ಳಿನೇ ಇಕ್ಕಬೇಕು. ಬೇರೆ ಯಾರೂ ಇಕ್ಕಲ್ಲ."

"ತಿಳೀತವ್ವ!" ಅಂದ ತಮ್ಮಯ್ಯ. ಈ ಸಲ ಅವಳು 'ತಿಳೀತಾ' ಅಂತ ಕೇಳಿರಲೇ ಇಲ್ಲ.

ಮಾರನೇ ದಿನ ಅವಳು ಮಂಡಕ್ಕಿ ಮಾರಲು ಹೋದಾಗ ತಮ್ಮಯ್ಯ ಗುಡಾಣದಿಂದ ಬೆಳ್ಳಿ ತೆಗೆದ. ತಟ್ಟೆಯ ಸುತ್ತ ಇಟ್ಟ. "ಇಕ್ಕು!" ಅಂದ. ಇಕ್ಕಲಿಲ್ಲ. ಯೋಚನೆ ಮಾಡಿದ. ಅನ್ನ ಇಕ್ಕುವುದು ಸೌಟು ತಾನೇ? ಎಲ್ಲವನ್ನೂ ಬಟ್ಟೆಯಲ್ಲಿ ಸುತ್ತಿ ಕಾಳಾಚಾರಿಯ ಹತ್ತಿರ ಹೋದ. "ಆಚಾರ್ರೇ, ಇದನ್ನ ಒಂದು ಸೌಟು ಮಾಡಿಕೊಡಿ."

"ಅಷ್ಟನ್ನೂ? ನಿಮ್ಮವ್ವಂಗೆ ಗೊತ್ತೇನೋ?"

"ಅವ್ವನೇ ಹೇಳಿದ್ದು, ಬೆಳ್ಳಿನೇ ಅನ್ನ ಇಕ್ಕಬೇಕು ಅಂತ!"

ಯಾವುದೋ ದೇವರ ಹರಕೆ ಇರಬೇಕು ಅಂದುಕೊಂಡ ಆಚಾರಿ. ನಾಣ್ಯಗಳನ್ನು ಮೂಸೆಗೆ ಹಾಕಿ ಕುಲುಮೆಯಲ್ಲಿಟ್ಟ. ತಿದಿ ಒತ್ತಿದ. ಬುಸ್ಸ್, ಬುಸ್ಸ್. ತಮ್ಮಯ್ಯ ಬಗ್ಗಿ ನೋಡಿದ. ನಾಣ್ಯದ ಅಂಚು ಮೆತ್ತಗಾಯಿತು. ಗೌರಿ ಹಬ್ಬದ್ದು ದೀಪಾವಳಿಯದರ ಮೇಲೆ ವಾಲಿತು. ಹೋದ ವರ್ಷದ್ದು ಅದರ ಹಿಂದಿನ ವರ್ಷದ್ದನ್ನು ಸೇರಿತು. ಆಮೇಲೆ ಅಂಚೂ ಇಲ್ಲ, ಮುದ್ರೆಯೂ ಇಲ್ಲ. ಮೂಸೆಯೊಳಗೆ ಒಂದು ಮುದ್ದೆ ಬೆಳಕು, ನಡುಗುತ್ತಾ ನಿಂತಿತ್ತು! ಅವ್ವನ ವರ್ಷಗಳೆಲ್ಲ ಅಲ್ಲಿದ್ದವು. ತಮ್ಮಯ್ಯನಿಗೆ ಅದು ತಿಳಿಯಿತೋ ಇಲ್ಲವೋ, ಕೈ ಮಾತ್ರ ತಾನಾಗಿ ಮುಗಿಯಿತು. ಇದನ್ನು ಹೇಳುವಾಗ ನನಗೂ ಮೈ ಜುಮ್ಮೆನ್ನುತ್ತದೆ.

ಸೌಟು ಮನೆಗೆ ಬಂತು. ಕೆಂಪಾಜಮ್ಮ ಗುಡಾಣಕ್ಕೆ ಕೈ ಹಾಕಿದಳು. ರಾಗಿ. ಇನ್ನೂ ಕೆಳಗೆ ಹಾಕಿದಳು. ರಾಗಿ.

"ಅಯ್ಯೋ ಪೆದ್ದೇ! ಅಯ್ಯೋ ನನ್ನ ಪೆದ್ದೇ! ನಾಣ್ಯ ಆಗಿದ್ರೆ ಒಂದೊಂದೇ ಮಾರಿಕೊಂಡು ಉಣ್ತಿದ್ಯಲ್ಲೋ! ಈಗ ಸೌಟನ್ನ ದಿನಾ ಒಂದು ತುಂಡು ಮುರೀತೀಯಾ? ಅಳತೆನಾದ್ರೂ ಕೊಟ್ಯಾ? ಇದು ನಮ್ಮ ಪಾತ್ರೆ ಬಾಯಿಗೇ ಹಿಡಿಯಲ್ಲ! ಆಚಾರಿ ಹತ್ರ ಏನು ಮಾಡಿಸೋಕೆ ಹೋದ್ರೂ ಅಳತೆಗೆ ಹಳೇದು ಒಯ್ಯಬೇಕು. ಕೈಗೆ ಮಾಡಿಸೋದಾದ್ರೆ ಹಳೇ ಬಳೆ, ಬೆರಳಿಗೆ ಮಾಡಿಸೋದಾದ್ರೆ ಹಳೇ ಉಂಗುರ. ತಿಳೀತಾ?"

"ತಿಳೀತವ್ವ!"

ಆಮೇಲೆ ತಮ್ಮಯ್ಯ ತಟ್ಟೆ ಹಾಕಿಕೊಂಡು ಸೌಟಿನ ಮುಂದೆ ಕೂತ. "ಇಕ್ಕು," ಅಂದ. ಸೌಟು ಹೊಳೆಯಿತು, ಇಕ್ಕಲಿಲ್ಲ. "ಇಕ್ಕಪ್ಪ," ಅಂದ. ಇಕ್ಕಲಿಲ್ಲ. ಕೆಂಪಾಜಮ್ಮ ಸಿಟ್ಟಿನಿಂದ ಆ ಕಡೆ ತಿರುಗಿ ಕೂತಿದ್ದಳು. ಬುದ್ಧಿ ಬರಲಿ ಅಂತ ಕೂತಿದ್ದಳು. ಮಧ್ಯಾಹ್ನ ಹೋಯಿತು, ಬಿಸಿಲು ಇಳಿಯಿತು. ಮಗ ಖಾಲಿ ತಟ್ಟೆ ಬಿಟ್ಟು ಏಳಲಿಲ್ಲ. ತಾಯಿಯ ಕರುಳು ಎಷ್ಟು ಹೊತ್ತು ತಡೆದೀತು? ಎದ್ದಳು. ಅನ್ನವನ್ನು ಮೊರಕ್ಕೆ ಸುರಿದಳು. ಅದೇ ಸೌಟು ತಗೊಂಡು ತಟ್ಟೆ ತುಂಬ ಇಕ್ಕಿದಳು.

"ಇಕ್ತು!" ತಮ್ಮಯ್ಯ ಕುಣಿದ. "ಅವ್ವಾ, ಬೆಳ್ಳಿ ಇಕ್ತು!"

ಅವಳು ಸೌಟು ಕೆಳಗಿಟ್ಟಳು. ಸೌಟು ಸುಮ್ಮನಾಯಿತು. ಮತ್ತೆ ಎತ್ತಿದಳು. ಮತ್ತೆ ಇಕ್ಕಿತು. ತಮ್ಮಯ್ಯ ತುತ್ತು ಕೈಯಲ್ಲಿ ಹಿಡಿದುಕೊಂಡೇ ಸೌಟನ್ನು ನೋಡಿದ, ಅದರ ಹಿಡಿ ನೋಡಿದ, ಹಿಡಿಯ ಮೇಲಿದ್ದ ಕೈ ನೋಡಿದ. ಒಲೆಯ ಕಾವಿಗೆ ಸುಟ್ಟು ಕಪ್ಪಾದ ಕೈ. ಬೆಳ್ಳಿಯನ್ನು ಮೊದಲ ಸಲ ಕಂಡಾಗ ನೋಡಿದ ಹಾಗೇ ಅದನ್ನು ನೋಡಿದ. ಅವನ ಜನ್ಮದಲ್ಲೇ ಮೊದಲ ಸಲ ಒಂದು ವಿಷಯ, ಯಾರೂ ಹೇಳಿಕೊಡದೆ, ಅವನಿಗೆ ತಾನಾಗಿ ಹೊಳೆಯಿತು.

ಬೆಳಿಗ್ಗೆ ಎದ್ದವನೇ ಕಾಳಾಚಾರಿಯ ಅಂಗಡಿಗೆ ಓಡಿದ. ಸೌಟನ್ನು ಮುಂದಿಟ್ಟ. ಮಡಿಲಿಂದ ಅವ್ವನ ಹಳೇ ಗಾಜಿನ ಬಳೆಯೊಂದನ್ನು ತೆಗೆದು ಅದರ ಪಕ್ಕದಲ್ಲಿಟ್ಟ.

"ಆಚಾರ್ರೇ, ಸೌಟೇನೋ ಚೆನ್ನಾಗೈತೆ. ಆದ್ರೆ ನೀವು ಒಂದು ಮಾಡೋದು ಮರೆತುಬಿಟ್ಟಿದ್ದೀರಿ."

"ಏನೋ ಮರೆತೆ?"

"ಕೈ! ಇದರ ಹಿಡಿಗೆ ನಮ್ಮವ್ವನ ಕೈ ಮಾಡಿ ಹಾಕಿಕೊಡಿ. ಅಳತೆಗೆ ಬಳೆ ತಂದಿದ್ದೀನಿ. ಅವಸರ ಇಲ್ಲ ಆಚಾರ್ರೇ, ಅವ್ವ ಇರೋತನಕ ಬೇಕಾಗಲ್ಲ. ಆಮೇಲಕ್ಕೆ."

ಹೇಳಿ, ಮಂಡಿ ಕಟ್ಟಿಕೊಂಡು, ಕುಲುಮೆಯ ಮುಂದೆ ಕಾಯುತ್ತಾ ಕೂತ.

ಆಚಾರಿ ಇನ್ನೂ ಆ ಬಳೆ ಹಿಡಿದುಕೊಂಡೇ ಕೂತಿದ್ದಾನೆ. ನಾನು ಎದ್ದು ಬಂದೆ. ನೀವೂ ಏಳಿ, ಮನೆಗೆ ಹೋಗಿ, ಇಕ್ಕುವವರು ಇರುವಾಗಲೇ ಉಣ್ಣಿ.