ಹೊಸ್ತಿಲ ಮೇಲಿನ ಬೂದಿ

ಒಂದಾನೊಂದು ಕಾಲದಲ್ಲಿ, ಅಂದ್ರೆ ಈ ನಿಮ್ಮಜ್ಜಿಗೂ ಇನ್ನೂ ಹಲ್ಲು ಮೂಡದಿದ್ದ ಕಾಲದಲ್ಲಿ, ಅಚ್ಚಮ್ಮ ಅಂತ ಒಬ್ಬಳಿದ್ಲಂತೆ. ಮಹಾ ಅನುಮಾನದ ಹೆಂಗಸು. ಬೆಕ್ಕು ಕಣ್ಮುಚ್ಚಿ ಮಲಗಿದ್ರೂ ಇದು ನಾಟಕ ಆಡ್ತಿದೆ ಅಂತಿದ್ಲಂತೆ. ಗಂಡ ಮರೀಗೌಡ ಮಾತ್ರ ಪಾಪದವನು.

ಒಂದ್ಸಲ ಇಬ್ರೂ ಗಾಡಿ ಕಟ್ಕೊಂಡು ಒಂದು ತಿಂಗಳು ಯಾತ್ರೆಗೆ ಹೊರಟರಂತೆ. ಮನೆ ದೀಪ ಇಲ್ಲದೆ ಇರಬಾರದು ಕಣೇ, ಪಕ್ಕದ್ಮನೆ ದೊಡ್ಡಾಜಮ್ಮನಿಗೆ ಬೀಗದ ಕೈ ಕೊಟ್ಟು ಹೋಗೋಣ ಅಂದ ಮರೀಗೌಡ. ದೀಪ ಹಚ್ಚೋ ಕೈ ಗಡಿಗೆಗೂ ಹೋಗುತ್ತೆ, ಬೇಡವೇ ಬೇಡ ಅಂದ್ಲು ಇವಳು. ಆಮೇಲೆ ಸಂಡಿಗೆ ಗಡಿಗೆ ಬಾಯಿಗೆ ಬಟ್ಟೆ ಕಟ್ಟಿ ತನಗೊಬ್ಬಳಿಗೇ ಗೊತ್ತಿರೋ ಗಂಟು ಹಾಕಿದ್ಲು, ಕಡಲೆಬೇಳೆ ಮೇಲೆ ಅಂಗೈ ಒತ್ತಿ ಗುರುತು ಮಾಡಿದ್ಲು, ಅಟ್ಟದ ಕುಂಬಳಕಾಯಿಗೆ ಗೋಡೆ ಕಡೆ ಸುಣ್ಣದ ಚುಕ್ಕೆ ಇಟ್ಲು. ಅದೂ ಸಾಲದು ಅಂತ ಹೊಸ್ತಿಲ ಹತ್ರ ಒಲೆ ಬೂದಿ ಹರಡಿ ಬಾಗಿಲು ಹಾಕಿದ್ಲಂತೆ.

ವಾಪಸ್ ಬರೋವಾಗ ಹೊಳೆ ತುಂಬಿ ಮೂರು ದಿನ ದಡದಲ್ಲೇ ಕೂತರಂತೆ. ಊರು ಹತ್ರ ಆಗೋ ಹೊತ್ತಿಗೆ ಗೌರಿ ಹಬ್ಬ ನಾಳೆ ಅನ್ನೋ ಹಾಗಾಯ್ತು. ಸಂತೆ ಮುಗಿದಿತ್ತು. ಸೊಪ್ಪಿಲ್ಲ, ತರಕಾರಿ ಇಲ್ಲ, ಹಸು ಬೇರೆ ಮೈದುನನ ಊರಲ್ಲಿ. ನಾಳೆ ಬರೋರು ಯಾರು ಗೊತ್ತಾ? ಮದುವೆಯಾದ ಮೇಲೆ ಮೊದಲನೇ ಬಾಗಿನಕ್ಕೆ ಮಗಳು ಚೆಲುವಿ, ಜೊತೆಗೆ ಅವಳ ಅತ್ತೆ. ಆಯಮ್ಮ ಎಲೆಯ ಈ ತುದಿಯಿಂದ ಆ ತುದಿಗೆ ಕಣ್ಣಾಡಿಸೋಳು. ಊಟದಲ್ಲಿ ಏನಾದ್ರೂ ಕಮ್ಮಿಯಾದ್ರೆ ಚೆಲುವಿ ಜನ್ಮಪೂರ್ತಿ ಮಾತು ಕೇಳಬೇಕು.

ಗಾಡೀಲೇ ಅಚ್ಚಮ್ಮ ಬೆರಳು ಮಡಚಿದ್ಲಂತೆ. ಸಂಡಿಗೆ ಕರೀತೀನಿ, ಕುಂಬಳಕಾಯಿ ಹುಳಿ ಮಾಡ್ತೀನಿ, ಬೇಳೆ ಬೆಲ್ಲ ಇದೆ, ಒಬ್ಬಟ್ಟು ತಟ್ತೀನಿ. ಈ ಮೂರಿದ್ರೆ ಮಗಳ ಮಾನ ಉಳೀತು.

ಸಂಜೆ ಬಾಗಿಲು ತೆಗೆದ್ರೆ ಬೂದಿ ತುಂಬಾ ಹೆಜ್ಜೆ! ಓಡಿಹೋಗಿ ನೋಡ್ತಾಳೆ, ಗಡಿಗೆ ಗಂಟು ಅವಳದ್ದಲ್ಲ. ಬೇಳೆ ಮೇಲೆ ಅಂಗೈ ಗುರುತಿಲ್ಲ. ಕುಂಬಳಕಾಯಿ ಚುಕ್ಕೆ ಈ ಕಡೆ ತಿರುಗಿ ಇವಳನ್ನೇ ನೋಡ್ತಿದೆ. ಸೀದಾ ಪಕ್ಕದ್ಮನೆ ಬಾಗಿಲಿಗೆ ಹೋಗಿ, ನನ್ ಮಗಳ ಹಬ್ಬಾನೇ ತಿಂದ್ಯಲ್ಲೇ ದೊಡ್ಡಾಜಿ ಅಂತ ಬೀದಿಗೆಲ್ಲ ಕೇಳೋ ಹಾಗೆ ಕೂಗಿದ್ಲಂತೆ.

ದೊಡ್ಡಾಜಮ್ಮ ಮೊರ ಕೆಳಗಿಟ್ಟು, ಇವರ ಮನೆಗೆ ಬಂದು ಗಡಿಗೆ ಗಂಟು ಬಿಚ್ಚಿದ್ಲು. ಒಂದು ಸಂಡಿಗೆ ಮುರಿದ್ಲು, ಪಟ್ ಅಂತು. ಮಳೆಗೆ ಮೆತ್ತಗಾಗಿತ್ತು ಕಣವ್ವ, ಬಿಸಿಲು ಕಂಡಾಗೆಲ್ಲ ಒಣಗಿಸಿದೆ. ಬೇಳೆಗೆ ಹುಳು ಬಿದ್ದಿತ್ತು, ಮೊರದಲ್ಲಿ ಕೇರಿ, ಬೇವಿನಸೊಪ್ಪು ಹಾಕಿಟ್ಟೆ. ಕುಂಬಳಕಾಯಿ ಒಂದೇ ಮಗ್ಗುಲಲ್ಲಿದ್ರೆ ಕೊಳೆಯುತ್ತೆ ಅಂತ ತಿರುಗಿಸಿದೆ ಅಂದ್ಲಂತೆ. ದೇವರ ಮುಂದೆ ದೀಪ ಉರೀತಿತ್ತು. ಅಷ್ಟು ಹೊತ್ತೂ ಅಚ್ಚಮ್ಮ ಅದನ್ನ ನೋಡೇ ಇರಲಿಲ್ಲ.

ಬೀಗಕ್ಕೆ ಇನ್ನೊಂದು ಕೈ ಇತ್ತಲ್ಲ, ನಾನೇ ಕೊಟ್ಟಿದ್ದು ಅಂತ ಮರೀಗೌಡ ತಲೆ ಕೆರ್ಕೊಂಡ. ಅಚ್ಚಮ್ಮನಿಗೆ ನಾಚಿಕೆಯಾಗಿ ಅಳು ಬಂತು. ಅಳೋದು ಆಮೇಲೆ, ಮೊದಲು ಬೇಳೆ ಬೇಯೋಕಿಡು ಅಂತ ದೊಡ್ಡಾಜಮ್ಮ ಸೆರಗು ಸಿಕ್ಕಿಸಿದ್ಲಂತೆ.

ಮಾರನೇ ದಿನ ಬೀಗಿತ್ತಿ ಮೂರು ಒಬ್ಬಟ್ಟು ತಿಂದು, ನಿಜವಾಗ್ಲೂ ನಿನ್ನೆ ತಾನೆ ಊರಿಗೆ ಬಂದ್ರಾ ಅಂತ ಅನುಮಾನ ಪಟ್ಲಂತೆ. ಚೆಲುವಿ ಮುಖ ಅರಳಿತು. ಅಚ್ಚಮ್ಮ ಮೊದಲ ಬಾಗಿನ ದೊಡ್ಡಾಜಮ್ಮನಿಗೇ ಕೊಟ್ಲು.

ಆಮೇಲಿನ ವರ್ಷ ನಾಲ್ಕು ದಿನ ಯಾತ್ರೆಗೆ ಹೊರಟಾಗ ಬೀಗದ ಕೈ ತಾನೇ ಕೊಟ್ಲಂತೆ. ಆದ್ರೂ ಬೂದಿ ಹರಡೋದು ಬಿಡ್ಲಿಲ್ಲ! ವಾಪಸ್ ಬಂದು ನೋಡಿದ್ರೆ ಬೂದಿ ಹಾಗೇ ಇದೆ, ಒಂದು ಹೆಜ್ಜೆಯೂ ಇಲ್ಲ. ಅಯ್ಯೋ, ದೊಡ್ಡಾಜಮ್ಮ ಬಂದೇ ಇಲ್ವಲ್ಲ, ಅವಳಿಗೇನಾಯ್ತೋ ಅಂದ್ಲು. ಕೈಲಿದ್ದ ಬಟ್ಟೆ ಗಂಟು ಅಲ್ಲೇ ಬಿಸಾಕಿ ಪಕ್ಕದ್ಮನೆಗೆ ಓಡಿದ್ಲು. ದೊಡ್ಡಾಜಮ್ಮ ಇವರು ಹೊರಟ ದಿನದಿಂದಲೇ ಜ್ವರ ಬಂದು ಮಲಗಿದ್ಲಂತೆ. ಅವತ್ತು ಅಚ್ಚಮ್ಮ ತನ್ನ ಮನೆಗೂ ಮೊದಲು ಆ ಮನೇಲಿ ದೀಪ ಹಚ್ಚಿ, ಗಂಜಿಗಿಟ್ಲಂತೆ.

ಅಲ್ಲಿಗೆ ಕತೆ ಮುಗೀತು. ನೀನು ನಿದ್ದೆ ಮಾಡ್ತಿದ್ದೀಯೋ, ನಾಟಕ ಆಡ್ತಿದ್ದೀಯೋ, ನಂಗಂತೂ ಅನುಮಾನ.