ತೊಟ್ಟಿಯ ಮುಚ್ಚಳ

“ಅಜ್ಜಾರೇ, ನಾನು ಏನು ಕಡಿಮೆ ಮಾಡಿದೆನೆಂದು ನನ್ನ ಸೊಸೆ ತವರಿಗೆ ಹೊರಟು ನಿಂತಿದ್ದಾಳೆ?”

ಹೊಳೆದಂಡೆಯ ಮಠದ ಗುರುಗಳನ್ನು ಶಿಷ್ಯರೆಲ್ಲ ಅಜ್ಜಾರು ಎಂದೇ ಕರೆಯುತ್ತಿದ್ದರು. ಕೇಳಿದವಳು ಹಂಪವ್ವ, ಆ ಮಠದ ಹಳೆಯ ಶಿಷ್ಯೆ. ಅವಳ ಮನೆಗೆ ಸೊಸೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಮರುದಿನ ಬೆಳಿಗ್ಗೆ ಸೊಸೆಯ ಅಣ್ಣ ಕರೆದೊಯ್ಯಲು ಬರುವವನಿದ್ದ. ಹೋದರೆ ತಿರುಗಿ ಬರುವುದಿಲ್ಲ ಎಂದು ಅವಳು ಗಂಡನ ಎದುರೇ ಹೇಳಿದ್ದಳು.

ಹಂಪವ್ವ ಹೇಳಿದಳು: “ಹೊತ್ತುಹೊತ್ತಿಗೆ ನಾನೇ ಬಡಿಸುತ್ತೇನೆ. ಯಾವ ಸೀರೆ ಉಡಬೇಕೆಂದು ನಾನೇ ತೆಗೆದುಕೊಡುತ್ತೇನೆ. ನೀರಿಗೆ ಹೊರಟರೆ ಜೊತೆಗೆ ಹೋಗುತ್ತೇನೆ. ಗಂಡ ಹೆಂಡತಿ ಮಾತಾಡುವಾಗಲೂ, ಏನಾದರೂ ಬೇಕಾದೀತೆಂದು ಬಾಗಿಲ ಬಳಿಯೇ ಕೂತಿರುತ್ತೇನೆ. ನನ್ನ ಅತ್ತೆ ನನ್ನನ್ನು ಹೀಗೆ ನೋಡಿಕೊಂಡಿದ್ದರೆ ಅವರ ಕಾಲು ತೊಳೆದು ನೀರು ಕುಡಿಯುತ್ತಿದ್ದೆ. ಇವಳೋ, ಬೆಳಗಾದರೆ ಪಾತ್ರೆ ಕುಕ್ಕುತ್ತಾಳೆ. ಬಾಗಿಲು ದಡಾರೆಂದು ಹಾಕುತ್ತಾಳೆ. ನೀವೇ ಕರೆಸಿ ಒಂದು ಮಾತು ಹೇಳಿ, ಅಜ್ಜಾರೇ. ಅವಳು ಸುಮ್ಮನಾದರೆ ಸಾಕು.”

“ಸುಮ್ಮನಾದರೆ ಸಾಕೇ?”

“ಸಾಕು. ಮನೆ ಉಳಿಯುತ್ತದೆ.”

“ಹಾಗಾದರೆ ಒಂದು ಮೀನಿನ ಕತೆ ಕೇಳು.”

“ಮಠದಲ್ಲಿ ಕೂತು ಮೀನಿನ ಮಾತೇ?”

“ತಿನ್ನುವ ಮಾತಲ್ಲ. ಬದುಕಿಸಿ ಇಟ್ಟುಕೊಳ್ಳುವ ಮಾತು,” ಎಂದು ಗುರುಗಳು ಕತೆ ಹೇಳಿದರು.

ಒಂದು ಹೊಳೆಯ ದಂಡೆಯಲ್ಲಿ ಒಬ್ಬ ಬೆಸ್ತನಿದ್ದ. ಅವನ ಮಗನಿಗೆ ಹೊಳೆಯ ಮೇಲ್ಗಡೆಯ ಊರಿನಲ್ಲಿ ಹೆಣ್ಣು ಗೊತ್ತಾಯಿತು. ಆ ಜನರಲ್ಲಿ ಒಂದು ಪದ್ಧತಿ ಇತ್ತು. ಹೆಣ್ಣನ್ನು ಕರೆತರಲು ಹೋಗುವವರು ಒಂದು ಜೋಡಿ ಕೊರಮೀನನ್ನು ಜೀವಂತವಾಗಿ ಒಯ್ಯಬೇಕು. ಹೆಣ್ಣಿನ ಮನೆಯ ಹಿರಿಯಳು ಅವನ್ನು ತಮ್ಮೂರಿನ ಕೆರೆಗೆ ಬಿಡಬೇಕು. ಮೀನು ಈಜಿ ಹೋದರೆ ಹೆಣ್ಣು ದೋಣಿ ಹತ್ತುತ್ತಾಳೆ. ಇಲ್ಲದಿದ್ದರೆ ಇಲ್ಲ. ಒಂದು ದಿನದ ಮಟ್ಟಿಗೆ ಮೀನನ್ನು ನೋಡಿಕೊಳ್ಳಲಾರದವರು ಜನ್ಮವಿಡೀ ಹೆಣ್ಣನ್ನು ಏನು ನೋಡಿಕೊಂಡಾರು ಎಂಬುದು ಅವರ ಮಾತು.

ಬೆಸ್ತನಿಗೆ ಇದೊಂದು ಕಷ್ಟವೆಂದು ಅನಿಸಲೇ ಇಲ್ಲ. ಅವನ ದೋಣಿಯ ನಡುವೆ ಹಲಗೆಯ ತೊಟ್ಟಿಯಿತ್ತು. ತೊಟ್ಟಿಯ ತಳದಲ್ಲಿ ತೂತುಗಳಿದ್ದವು. ಹೊಳೆಯ ನೀರು ಅಲ್ಲಿಂದಲೇ ಒಳಗೆ ಬರುತ್ತಿತ್ತು, ಅಲ್ಲಿಂದಲೇ ಹೊರಗೆ ಹೋಗುತ್ತಿತ್ತು. ದೋಣಿಯ ಹೊರಮೈಯಲ್ಲಿ ನೀರು ಎಷ್ಟು ಎತ್ತರಕ್ಕಿದೆಯೋ ತೊಟ್ಟಿಯ ಒಳಗೂ ಅಷ್ಟೇ ಎತ್ತರ. ಅಂಥ ತೊಟ್ಟಿಯಲ್ಲಿ ಅವನು ಎಷ್ಟೋ ಮೀನುಗಳನ್ನು ಬದುಕಿಸಿ ಸಂತೆಗೆ ಒಯ್ದಿದ್ದ.

ಕೊರಮೀನಿಗೆ ನೀರು ಮಾತ್ರ ಸಾಲದು. ಅದು ಆಗಾಗ ಮೇಲೆ ಬಂದು ಗಾಳಿ ಗುಟುಕರಿಸಬೇಕು. ಗಾಳಿ ಸಿಗದಿದ್ದರೆ ನೀರಿನೊಳಗೇ ಉಸಿರು ಕಟ್ಟಿ ಸಾಯುತ್ತದೆ. ಇದೂ ಬೆಸ್ತನಿಗೆ ಗೊತ್ತಿತ್ತು. ನೀರಿಗೂ ಮುಚ್ಚಳಕ್ಕೂ ನಡುವೆ ನಾಲ್ಕು ಬೆರಳು ಜಾಗ ಇರುವುದನ್ನು ಬಗ್ಗಿ ನೋಡಿದ. ಮೀನು ಬಿಟ್ಟು ಮುಚ್ಚಳ ಹಾಕಿದ.

ಆಮೇಲೆ ಮದುವೆಯ ಸಾಮಾನು ಬಂದಿತು. ನೆಂಟರು ಬಂದರು. ಯಾರನ್ನು ಬಿಟ್ಟರೂ ಅವರಿಗೆ ಸಿಟ್ಟು, ಹಾಗಾಗಿ ಎಲ್ಲರೂ ಹತ್ತಿದರು. ಕೊರಮೀನು ಹಾರುವ ಜಾತಿ. ಹಾರಿ ಹೊಳೆಗೆ ಬಿದ್ದರೆ ಮಗನ ಮದುವೆಯೂ ಹೊಳೆಗೆ ಬಿದ್ದಂತೆ ಎಂದು ಬೆಸ್ತ ಮುಚ್ಚಳದ ಮೇಲೆ ತಾನೇ ಕೂತ.

ಸ್ವಲ್ಪ ದೂರ ಹೋಗುವಷ್ಟರಲ್ಲಿ ಒಳಗಿನಿಂದ ಸದ್ದು ಬಂತು. ಮೀನು ಮುಚ್ಚಳಕ್ಕೆ ತಲೆ ಬಡಿಯುತ್ತಿತ್ತು.

ಹೆಂಡತಿ ಹೇಳಿದಳು: “ನೀವು ಕೂತಿರುವ ಠೀವಿ ನೋಡಿದರೆ ಮದುವೆ ಗಂಡು ನೀವೇ ಅನ್ನಬೇಕು. ಒಮ್ಮೆ ಎದ್ದು ನೋಡಬಾರದೇ? ಏನೋ ಆಗಿದೆ ಅವಕ್ಕೆ.”

“ಆಗುವುದೇನು? ನೆರಳಿದೆ, ಹೊಸ ನೀರು ಬರುತ್ತಿದೆ. ಕೊಬ್ಬು, ಅಷ್ಟೇ. ನಾನು ಎದ್ದೆನೋ, ಹಾರಿದವೆಂದೇ ತಿಳಿ. ನಿನಗೆ ಸೊಸೆ ಬೇಕೋ ಬೇಡವೋ?”

ಸದ್ದು ಇನ್ನೂ ಜೋರಾಯಿತು. ಬೆಸ್ತ ದೋಣಿಯನ್ನು ದಡಕ್ಕೆ ತಿರುಗಿಸಲು ಹೇಳಿದ. ಅಲ್ಲಿ ಬಟ್ಟೆ ಒಗೆಯುವ ಒಂದು ಚಪ್ಪಡಿಯಿತ್ತು. ನೆಂಟರ ಕೈಯಿಂದ ಅದನ್ನು ಎತ್ತಿಸಿ ಮುಚ್ಚಳದ ಮೇಲೆ ಹೇರಿಸಿದ. ಚಪ್ಪಡಿಯ ಮೇಲೆ ಮತ್ತೆ ತಾನು ಕೂತ. ದೋಣಿ ಇನ್ನಷ್ಟು ತಗ್ಗಿತು.

ಸ್ವಲ್ಪ ಹೊತ್ತಿನ ಮೇಲೆ ಸದ್ದು ನಿಂತಿತು.

“ನೋಡಿದೆಯಾ, ಈಗ ಹೊಂದಿಕೊಂಡವು,” ಎಂದು ಬೆಸ್ತ ಹೆಂಡತಿಗೆ ಹೇಳಿದ. ನೆಮ್ಮದಿಯಿಂದ ಎಲೆ ಅಡಿಕೆ ಹಾಕಿಕೊಂಡ.

ಹೆಣ್ಣಿನ ಊರು ಬಂದಿತು. ನೆಂಟರು ಇಳಿದರು. ಸಾಮಾನು ಇಳಿಯಿತು, ಚಪ್ಪಡಿಯೂ ಇಳಿಯಿತು. ಹೆಣ್ಣಿನ ಅಜ್ಜಿ ಕೊಡ ಹಿಡಿದು ನೀರಿನ ಅಂಚಿನಲ್ಲಿ ನಿಂತಿದ್ದಳು. ಬೆಸ್ತ ದಡದಲ್ಲೇ ನಿಂತು, ದೋಣಿಯ ಒಳಕ್ಕೆ ಕೈಚಾಚಿ ಮುಚ್ಚಳ ತೆಗೆದ. ಎರಡು ಮೀನೂ ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

ಬೆಸ್ತನಿಗೆ ನಂಬಲಾಗಲಿಲ್ಲ. “ಇದು ಹೇಗೆ ಸಾಧ್ಯ? ನಾಲ್ಕು ಬೆರಳು ಜಾಗ ಹಾಗೇ ಇದೆಯಲ್ಲ!” ಎಂದ.

ಅಜ್ಜಿ ಅವನ ಕೈಯಲ್ಲಿದ್ದ ಮುಚ್ಚಳವನ್ನು ತಿರುಗಿಸಿ ಒಳಮೈ ಸವರಿದಳು. ಅದು ಪೂರಾ ಒದ್ದೆಯಾಗಿತ್ತು. ಮೀನಿನ ಲೋಳೆ ಅವಳ ಅಂಗೈಗೆ ಅಂಟಿತು.

“ಈಗ ಇದೆ, ಬೀಗರೇ. ನೀವೆಲ್ಲ ಇಳಿದ ಮೇಲೆ ದೋಣಿ ಮೇಲೆದ್ದಿತು, ತೊಟ್ಟಿಯ ನೀರು ಕೆಳಗಿಳಿಯಿತು. ನೀವು ಕೂತಿದ್ದಾಗ ನೀರು ಮುಚ್ಚಳಕ್ಕೇ ತಾಗಿತ್ತು.”

“ಕಾಯುವುದಕ್ಕೇ ಕೂತಿದ್ದೆ, ಅವ್ವಾ. ಇಡೀ ದಾರಿ ಮುಚ್ಚಳ ಅಲುಗಲು ಬಿಟ್ಟಿಲ್ಲ.”

“ನಾನೂ ಅದನ್ನೇ ಹೇಳುತ್ತಿದ್ದೇನೆ,” ಎಂದಳು ಅಜ್ಜಿ. ಖಾಲಿ ಕೊಡವನ್ನು ಕಂಕುಳಲ್ಲಿಟ್ಟುಕೊಂಡು ಹಿಂದಕ್ಕೆ ಹೊರಟುಹೋದಳು. ದೋಣಿ ಹೆಣ್ಣಿಲ್ಲದೆ ತಿರುಗಿತು.

ಗುರುಗಳು ಕತೆ ನಿಲ್ಲಿಸಿದರು. ಹಂಪವ್ವನಿಗೆ ಬೆಸ್ತನ ಮೇಲೆ ಸಿಟ್ಟು ಬಂದಿತ್ತು.

“ಎಂಥ ಮೂಢ, ಅಜ್ಜಾರೇ! ಒಳಗಿನ ಜೀವ ಅಷ್ಟು ಬಡಿದುಕೊಳ್ಳುವಾಗ ಒಂದು ಸಲ ಎದ್ದು ಮುಚ್ಚಳ ತೆಗೆದಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಸದ್ದು ನಿಂತ ಮೇಲೆ ಎದ್ದರೆ ಏನು ಬಂತು?”

ಗುರುಗಳು ಅವಳ ಮುಖವನ್ನೇ ನೋಡಿದರು.

“ನಿನ್ನ ಮನೆಯಲ್ಲಿ ಪಾತ್ರೆಯ ಸದ್ದು ಇನ್ನೂ ನಿಂತಿಲ್ಲ, ಹಂಪವ್ವಾ. ಎದ್ದೇಳು.”