ಸಹಿಗೆ ಬಂದ ಆರು ಪತ್ರ

ಫೆಬ್ರವರಿಯಲ್ಲಿ ಬರುವ ಮಂತ್ರಿಗಳ ಹುಟ್ಟುಹಬ್ಬಕ್ಕೆ ಹಿಮಶಿಖರದ ಮೇಲೆ ಬಾವುಟ ಹಾರಲೇಬೇಕೆಂದು ಪರ್ವತಾರೋಹಣ ಸಂಘದ ಅಧ್ಯಕ್ಷರು ಹಟ ಹಿಡಿದರು. ಆಗಿನ್ನೂ ಹಿಮಗಾಳಿ ನಿಂತಿರುವುದಿಲ್ಲ ಎಂದು ಹತ್ತಬೇಕಾದ ಆರು ಮಂದಿ ಗೋಗರೆದರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಸಂಘದ ಗುಮಾಸ್ತ ಎದುರಾಡಲಿಲ್ಲ. ಹೋದ ವರ್ಷ ಇದೇ ಆತುರಕ್ಕೆ ಸತ್ತ ಇಬ್ಬರ ಮನೆಗೆ ಸಂತಾಪ ಪತ್ರ ಒಯ್ದವನು ಅವನೇ. ಮರುದಿನ ಸಾಮಾನಿನ ಪಟ್ಟಿಯ ಜೊತೆ ಆರು ಪತ್ರಗಳನ್ನೂ ಸಹಿಗಿಟ್ಟ.

"ಶ್ರೀಮತಿ ಸುಲೋಚನಾ ಅವರಿಗೆ, ನಿಮ್ಮ ಪತಿಯ ಅಗಲಿಕೆ..." ಓದುತ್ತಲೇ ಅಧ್ಯಕ್ಷರ ಮುಖ ಬಿಳಿಚಿತು. "ಇದೇನಯ್ಯಾ? ಅವರಿನ್ನೂ ಬದುಕಿದ್ದಾರೆ."

"ಹೋದ ಸಲ ಪತ್ರ ತಡವಾಯ್ತು ಅಂತ ತಾವೇ ಬೈದಿದ್ರಿ, ಸಾರ್. ಈ ಸಲ ಮೊದಲೇ ಟೈಪ್ ಮಾಡಿಟ್ಟೆ. ತಾರೀಖಿನ ಜಾಗ ಖಾಲಿ ಬಿಟ್ಟಿದ್ದೀನಿ."

ಅಧ್ಯಕ್ಷರು ಪೆನ್ನು ಮುಚ್ಚಿದರು. ಹತ್ತುವುದು ಮೇ ತಿಂಗಳಿಗೆ ಹೋಯಿತು. ಗುಮಾಸ್ತ ಪತ್ರಗಳನ್ನು ಹರಿಯಲಿಲ್ಲ, ಬೀರುವಿನಲ್ಲಿಟ್ಟ. ಮಂತ್ರಿಗಳ ಹುಟ್ಟುಹಬ್ಬ ವರ್ಷ ವರ್ಷವೂ ಬರುತ್ತದೆ.